ಊರ ಆಸ್ಪತ್ರೆ ಸುಧಾರಿಸಲು ನಿಮ್ಮ ಮಾತೂ ಬೇಕು

ವೈದ್ಯಕಲೆಗೆ ಮೂರು ಅಂಗಗಳಿವೆ: ರೋಗ, ರೋಗಿ ಮತ್ತು ಹಕೀಮ. ಯುನಾನಿ ಪದ್ಧತಿಯ ಮೂಲಪುರುಷ ಬುಕ್ರಾತ್ (ಹಿಪಾಕ್ರಟಿಸ್) ಹೇಳಿದ ಮಾತಿದು. ರೋಗಿಯು ಹಕೀಮನ ಜೊತೆ ನಿಂತರೆ ಮಾತ್ರ ರೋಗ ಸೋಲುತ್ತದೆ. ಪಥ್ಯ ಮಾಡದವನಿಗೆ ಯಾವ ಮದ್ದೂ ಹತ್ತುವುದಿಲ್ಲ ಎಂಬುದು ನಿಮಗೂ ಗೊತ್ತು.

ಆದರೆ ಆಸ್ಪತ್ರೆಯ ವಿಷಯ ಬಂದಾಗ ನಾವು ಇದನ್ನು ಮರೆಯುತ್ತೇವೆ. ಡಾಕ್ಟರು ಯಾವಾಗ ಸಿಗಬೇಕು, ಯಾವ ಔಷಧಿ ಇರಬೇಕು ಎಂಬುದೆಲ್ಲ ಸರ್ಕಾರದ ಕೆಲಸ ಎಂದು ಸುಮ್ಮನಿರುತ್ತೇವೆ. ತೊಂದರೆಯಾದರೆ ಚಹದಂಗಡಿಯಲ್ಲಿ, ಮದುವೆ ಮನೆಯಲ್ಲಿ ಬೈಯುತ್ತೇವೆ. ತೀರ್ಮಾನ ಆಗುವ ಜಾಗಕ್ಕೆ ಆ ಮಾತು ತಲುಪುವುದೇ ಇಲ್ಲ.

ಕೊಪ್ಪಳ ಕಲಿಸಿದ ಪಾಠ

ನಮ್ಮ ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಇಲ್ಲಿ ಹೆರಿಗೆಯ ಸಮಯದಲ್ಲಿ ತಾಯಂದಿರು ಏಕೆ ಸಾಯುತ್ತಿದ್ದಾರೆ ಎಂದು ಆಶಾ ಜಾರ್ಜ್ ಎಂಬ ಸಂಶೋಧಕಿ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಮನೆಯವರು ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಅಧ್ಯಯನ ತೋರಿಸಿದ್ದು ಬೇರೆ. ಚಿಕಿತ್ಸೆ ಹುಡುಕಿಕೊಂಡು ಹೋದವರೂ ಸತ್ತಿದ್ದರು. ಮಾಹಿತಿ ಸರಿಯಾಗಿ ದಾಖಲಾಗುತ್ತಿರಲಿಲ್ಲ, ಆರೈಕೆ ನಡುವೆ ಕಡಿದುಹೋಗುತ್ತಿತ್ತು, ಸಿಬ್ಬಂದಿಗೆ ಬೆಂಬಲವಿರಲಿಲ್ಲ, ಬೇರೆ ಆಸ್ಪತ್ರೆಗೆ ಕಳಿಸುವುದರಲ್ಲಿ ಕ್ರಮವಿರಲಿಲ್ಲ, ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದೂ ಸರಿಯಿರಲಿಲ್ಲ.

ಇಂಥ ಸಾವಾದಾಗ ಮನೆಯವರು ತಕ್ದೀರ್ ಎಂದು ಸಬರ್ ಮಾಡುತ್ತಾರೆ. ಸಬರ್ ಒಳ್ಳೆಯದೇ. ಆದರೆ ವಾಹನ ಏಕೆ ತಡವಾಯಿತು, ರಕ್ತ ಏಕೆ ಸಿಗಲಿಲ್ಲ ಎಂದು ಕೇಳಿದರೆ ಸಬರ್ ಕೆಡುವುದಿಲ್ಲ. ಮುಂದಿನ ಹೆಣ್ಣುಮಗಳ ಜೀವ ಆ ಪ್ರಶ್ನೆಯಲ್ಲಿದೆ.

ಮಾತಾಡಲು ಇರುವ ಜಾಗಗಳು

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಜನರಿಗೂ ಒಂದು ಕುರ್ಚಿ ಇಡಲಾಯಿತು. ಹಲವರಿಗೆ ಅದು ಗೊತ್ತೇ ಇಲ್ಲ.

ಮೊದಲನೆಯದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ಊರಿನ ಆಶಾ ಕಾರ್ಯಕರ್ತೆ ಇದರ ಕಾರ್ಯದರ್ಶಿ. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇದಕ್ಕೆ ನಿಗದಿಯಾಗಿದೆ. ಊರಿನ ಸ್ವಚ್ಛತೆಗೆ, ಬಡ ರೋಗಿಯನ್ನು ತುರ್ತಾಗಿ ಸಾಗಿಸಲು ಈ ಹಣ ಬಳಸಬಹುದು.

ಎರಡನೆಯದು ಆರೋಗ್ಯ ರಕ್ಷಾ ಸಮಿತಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ತಾಲೂಕು ಕೇಂದ್ರಗಳ ಆಸ್ಪತ್ರೆ ಮತ್ತು ಜಿಲ್ಲಾ ಆಸ್ಪತ್ರೆಯವರೆಗೆ ಈ ಸಮಿತಿ ಇರಬೇಕು. ಕುಡಿಯುವ ನೀರು, ಶೌಚಾಲಯ, ದುರಸ್ತಿ ಮುಂತಾದವುಗಳಿಗೆ ಖರ್ಚು ಮಾಡುವ ತೀರ್ಮಾನ ಇಲ್ಲಿ ಆಗುತ್ತದೆ.

ಇದು ಕಾಗದದ ಮಾತಷ್ಟೇ ಅಲ್ಲ. ಕರ್ನಾಟಕ ಆರೋಗ್ಯ ಸಂವರ್ಧನಾ ಸಂಸ್ಥೆಯ ‘ಸುಕ್ಷೇಮ’ ಯೋಜನೆ ಕೊಪ್ಪಳವೂ ಸೇರಿ ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ ತಾಯಿ-ಮಗುವಿನ ಆರೋಗ್ಯಕ್ಕಾಗಿ ಕೆಲಸ ಮಾಡಿತು. ಈ ಸಮಿತಿಗಳನ್ನು ಬಲಪಡಿಸಿ, ಸೇವೆ ಹೇಗಿದೆ ಎಂದು ಊರಿನವರೇ ನೋಡಿ ಹೇಳುವುದನ್ನೂ ಆ ಕೆಲಸದಲ್ಲಿ ಸೇರಿಸಿಕೊಂಡಿತ್ತು.

ಏನು ಕೇಳಬೇಕು?

ನಿಮ್ಮ ಮನೆಯ ಅನುಭವದಿಂದಲೇ ಶುರುಮಾಡಿ. ತಪಾಸಣೆ ಕೋಣೆಗೆ ಪರದೆ ಇದೆಯೇ? ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ? ಮಹಿಳಾ ವೈದ್ಯರು ಯಾವ ದಿನ ಬರುತ್ತಾರೆ ಎಂದು ಗೋಡೆಯ ಮೇಲೆ ಬರೆದಿದೆಯೇ? ಸಂಕೋಚದಿಂದ ತಪಾಸಣೆಗೇ ಹೋಗದೆ ರೋಗ ಬಲಿಯುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಒಂದು ಪರದೆ ಅವರನ್ನು ಆಸ್ಪತ್ರೆಗೆ ಕರೆತರಬಲ್ಲದು.

ಸಕ್ಕರೆ ಕಾಯಿಲೆಯವರು ರೋಜಾ ಹಿಡಿಯಬಹುದೇ, ಮಾತ್ರೆ-ಇನ್ಸುಲಿನ್ ಸಮಯ ಹೇಗೆ ಬದಲಿಸಬೇಕು ಎಂದು ತಿಳಿಸುವ ಒಂದು ದಿನವನ್ನು ಶಾಬಾನ್ ತಿಂಗಳಲ್ಲೇ ಇಡಿ ಎಂದು ಕೇಳಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಯುನಾನಿ ಚಿಕಿತ್ಸೆ ನಿಮ್ಮ ಆಸ್ಪತ್ರೆಯಲ್ಲಿ ಬೇಕೆಂದರೆ ಆ ಬೇಡಿಕೆಯನ್ನೂ ಇಲ್ಲೇ ಇಡಬೇಕು.

ಇನ್ನು ನೀರು. ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳಲ್ಲಿ ಗಾಳಿಯ ನಂತರ ಬರುವುದು ಅನ್ನ-ನೀರು. ಕುಷ್ಟಗಿ, ಯಲಬುರ್ಗಾ ಕಡೆಯ ಹಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೂ 1.5 ದಾಟಬಾರದು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಸೊಂಟ-ಮೊಣಕಾಲು ಬಿಗಿತ ಇದರ ಗುರುತುಗಳು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆದ್ದರಿಂದ ನೀರು ಪರೀಕ್ಷೆ ಮಾಡಿಸಿ ಫಲಿತಾಂಶ ಹೇಳಿ ಎಂದು ಗ್ರಾಮ ಸಮಿತಿಯಲ್ಲಿ, ಪಂಚಾಯಿತಿಯಲ್ಲಿ ಕೇಳಿ.

ಹೇಗೆ ಕೇಳಬೇಕು?

* ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. ದಿನಾಂಕ, ಸಮಯ, ನಡೆದದ್ದು, ಆಗಬೇಕಾದದ್ದು ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದಕ್ಕೆ ಸಹಿ-ಮೊಹರು ಹಾಕಿಸಿಕೊಳ್ಳಿ.
* ನರ್ಸಮ್ಮನ ಮೇಲೆ ಕೂಗಾಡಬೇಡಿ. ರಾತ್ರಿ ಪಾಳಿಯಲ್ಲಿ ಆಕೆ ಒಬ್ಬಳೇ ಇರಬಹುದು. ಸಿಬ್ಬಂದಿ ಕಡಿಮೆ ಇದ್ದರೆ ಅದನ್ನೇ ಅರ್ಜಿಯಲ್ಲಿ ಬರೆಯಿರಿ; ಆಕೆಗೂ ಅದರಿಂದ ಬಲ ಬರುತ್ತದೆ.
* ಹೆರಿಗೆ ವಾರ್ಡಿನ ಬಗ್ಗೆ ಹೆರಿಗೆಯಾದವರೇ ಮಾತಾಡಲಿ. ಹೆಣ್ಣುಮಕ್ಕಳನ್ನು ಸಭೆಗೆ ಕಳಿಸಿ.
* ಕೇಳುವುದರ ಜೊತೆ ಕೊಡುವುದೂ ಇರಲಿ. ಲಸಿಕೆಯ ದಿನವನ್ನು ಮಸೀದಿಯ ಮೈಕಿನಲ್ಲಿ ತಿಳಿಸಲು, ರಕ್ತ ಕೊಡುವ ಯುವಕರ ಪಟ್ಟಿ ಮಾಡಲು ಜಮಾತ್ ಮುಂದೆ ಬರಲಿ.
* ಮುಂದಿನ ಸಭೆಯಲ್ಲಿ ‘ಏನಾಯಿತು?’ ಎಂದು ಮತ್ತೆ ಕೇಳಿ. ಉತ್ತರ ಬಾರದಿದ್ದರೆ 104ಕ್ಕೆ ಕರೆ ಮಾಡಿ ದೂರು ಹೇಳಬಹುದು. ಮಾಹಿತಿ ಹಕ್ಕು ಕಾಯ್ದೆಯಡಿ ಸಭೆಯ ನಡಾವಳಿ, ಖರ್ಚಿನ ಲೆಕ್ಕ ಕೇಳಬಹುದು.
* ಖಾಸಗಿ ಆಸ್ಪತ್ರೆಯ ವಿಷಯದಲ್ಲೂ ದಾರಿಯಿದೆ. 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಈ ತಿಂಗಳು ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬಂದಾಗ ಮೂರು ಪ್ರಶ್ನೆ ಕೇಳಿ: ನಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ? ಮುಂದಿನ ಸಭೆ ಯಾವಾಗ? ನಮ್ಮ ಓಣಿಯಿಂದ ಒಬ್ಬ ಹೆಣ್ಣುಮಗಳು ಬರಬಹುದೇ? ಮೂರನೆಯದಕ್ಕೆ ‘ಬರಲಿ’ ಎಂದರೆ, ಯಾರು ಹೋಗಬೇಕು ಎಂದು ಅಂದೇ ಮನೆಯಲ್ಲಿ ಕೂತು ಗೊತ್ತುಮಾಡಿ.