ಮನೆಯ ಅಸ್ತಿವಾರ: ದೇವರಿಗೆ ವಿಧೇಯತೆ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬೆಟ್ಟ ಹತ್ತಿ ಬಂದಿದ್ದೀರಿ. ಕೈಯಲ್ಲಿ ಮೇಣದ ಬತ್ತಿ, ಮನಸ್ಸಿನಲ್ಲಿ ಮನೆಯ ಚಿಂತೆ. "ಮಗ ಮಾತೇ ಕೇಳಲ್ಲ", "ಗಂಡ ಕುಡಿಯೋದು ಬಿಡಲಿ", "ಸೊಸೆ ಹೊಂದಿಕೊಂಡು ಹೋಗಲಿ" ಅಂತ ಬೇಡಿಕೊಳ್ಳುತ್ತೇವೆ. ಬದಲಾಗಬೇಕಾದವರು ಯಾವಾಗಲೂ ಬೇರೆಯವರೇ! ಈ ಪಾಠ ನಮ್ಮನ್ನೇ ಕುರಿತದ್ದು.

1. ಕೇಳಿದರೆ ಸಾಲದು

ಬಂಡೆಯ ಮೇಲೆ ಕಟ್ಟಿದ ಮನೆ, ಮರಳಿನ ಮೇಲೆ ಕಟ್ಟಿದ ಮನೆ – ಈ ಸಾಮತಿ ನಮಗೆಲ್ಲ ಗೊತ್ತು (ಮತ್ತಾಯ 7:24-27). ಎರಡು ಮನೆಗೂ ಬಂದದ್ದು ಅದೇ ಮಳೆ, ಅದೇ ಪ್ರವಾಹ. ಇಬ್ಬರೂ ಯೇಸುಸ್ವಾಮಿಯ ಮಾತು ಕೇಳಿದವರೇ. ಒಬ್ಬ ಕೇಳಿದಂತೆ ನಡೆದ, ಇನ್ನೊಬ್ಬ ನಡೆಯಲಿಲ್ಲ. ವ್ಯತ್ಯಾಸ ಇಷ್ಟೇ.

ನಮ್ಮ ಶೆಟ್ಟಿಹಳ್ಳಿಯನ್ನು ನೆನೆಯಿರಿ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಸರ ಮಾತೆಯ ದೇವಾಲಯ, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಊರು ಬಿಟ್ಟ ಕುಟುಂಬಗಳಿಗೆ ಆ ಗೋಡೆಗಳನ್ನು ಹೊತ್ತೊಯ್ಯಲು ಆಗಲಿಲ್ಲ. ಜೊತೆಗೆ ಒಯ್ಯಬಹುದಾಗಿದ್ದದ್ದು ಮನೆಯೊಳಗಿನ ವಿಶ್ವಾಸ ಮಾತ್ರ. ಮನೆಯಲ್ಲಿ ಪಾಲಿಸದ ವಿಶ್ವಾಸವನ್ನು ಎಲ್ಲಿಗೂ ಒಯ್ಯಲಾಗದು.

2. ಮೊದಲು ಬಾಗಬೇಕಾದವರು ಯಾರು?

ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಪೌಲನ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಅದರ ಹಿಂದಿನ ವಾಕ್ಯವನ್ನೇ ಓದುವುದಿಲ್ಲ: ಕ್ರಿಸ್ತರ ಮೇಲಿನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಬೇಕು (ಎಫೆಸ 5:21). ಗಂಡನು ಹೆಂಡತಿಗಾಗಿ ಪ್ರಾಣವನ್ನೇ ಕೊಡುವಷ್ಟು ಪ್ರೀತಿಸಬೇಕು. ತಂದೆ ಮಕ್ಕಳನ್ನು ಕೆರಳಿಸಬಾರದು. ಕುಡಿದು ಹೊಡೆಯುವವನು ದೇವರ ಹೆಸರಲ್ಲಿ ವಿಧೇಯತೆ ಕೇಳುವ ಹಾಗಿಲ್ಲ. ಏಟು ತಿಂದ ಹೆಣ್ಣುಮಗಳು ಗುರುಗಳ, ಹಿರಿಯರ, ಪೊಲೀಸರ ನೆರವು ಕೇಳಿದರೆ ಅದು ಪಾಪವಲ್ಲ.

ಸಂತ ಜೋಸೆಫರನ್ನು ನೋಡಿ. ಅವರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ. ದೇವದೂತ ಹೇಳಿದ ರಾತ್ರಿಯೇ ಎದ್ದು ತಾಯಿ-ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ಅಂಥ ಮನೆಯಲ್ಲಿ ಬಾಲಯೇಸು ತಂದೆತಾಯಿಗೆ ವಿಧೇಯರಾಗಿ ಬೆಳೆದರು (ಲೂಕ 2:51). ಅಪ್ಪ ದೇವರಿಗೆ ಬಾಗುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಆಮೇಲೆ "ಮಾತು ಕೇಳು" ಅಂದರೆ ಆ ಮಾತಿಗೆ ತೂಕ ಬರುತ್ತೆ.

3. ಬೆಟ್ಟ ಇಳಿಯುವ ಮುನ್ನ

ಬಲಿಪೀಠದ ಮುಂದೆ ನಿಂತಾಗ ಸಹೋದರನ ಮನಸ್ಸು ನೊಂದಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗು ಎಂದರು ಪ್ರಭು (ಮತ್ತಾಯ 5:23-24). ಅಣ್ಣನ ಹೊಲದ ಬದು ಒಂದು ಮೊಳ ಒತ್ತಿ ಉತ್ತವನು ನೂರು ಮೇಣದ ಬತ್ತಿ ಹಚ್ಚಿದರೇನು? ಬದು ಬಿಟ್ಟುಕೊಡಲಿ, ಅದೇ ಅವನ ಹರಕೆ. ಅದು ಕಷ್ಟ, ನಿಜ. ಅದಕ್ಕೇ ದೇವರ ವರಪ್ರಸಾದ ಬೇಡೋಣ.

ಮನೆಯಲ್ಲಿ ಕೂತು ಮಾತಾಡಿ:

• ದೇವರು ನನಗೆ ಹೇಳುತ್ತಿದ್ದರೂ ನಾನು ಮುಂದೂಡುತ್ತಿರುವ ಕೆಲಸ ಯಾವುದು?
• ನಾನು ಯಾರ ಹತ್ತಿರ ಮಾತು ಬಿಟ್ಟಿದ್ದೇನೆ?
• ಸಂಜೆಯ ಜಪಸರಕ್ಕೆ ಮನೆಯ ಹಿರಿಯರು ಮೊದಲು ಮೊಣಕಾಲೂರುತ್ತಾರೆಯೇ?

ಪ್ರಾರ್ಥನೆ: ಪ್ರಭುವೇ, ನನ್ನ ಮನೆಯನ್ನು ಬದಲಾಯಿಸಿ; ನನ್ನಿಂದಲೇ ಶುರುಮಾಡಿ. ಆಮೆನ್.