ಮೈಲೇಜ್ ನಿಯಮ ಬಿಗಿಯಾದರೆ ಹಾಲಿನ ಲಾರಿ ಮಾಲೀಕರು ಏನು ಮಾಡಬೇಕು?

- ಪಶುವೈದ್ಯಾಧಿಕಾರಿ (ವಿಸ್ತರಣೆ)



ಕಳೆದ ಬೇಸಿಗೆಯಲ್ಲಿ ಒಂದು ಸಂಘದ ಆವರಣದಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ನಡೆಸುತ್ತಿದ್ದೆವು. ಹಸು ತೋರಿಸಲು ಬಂದಿದ್ದ ಉತ್ಪಾದಕರೊಬ್ಬರು ಅದೇ ಮಾರ್ಗದಲ್ಲಿ ಹಾಲಿನ ಕ್ಯಾನು ಸಾಗಿಸುವ ಲಾರಿಯ ಮಾಲೀಕರೂ ಹೌದು. ಪರೀಕ್ಷೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದರು: "ಸಾರ್, ಇನ್ಮೇಲೆ ಜಾಸ್ತಿ ಡೀಸೆಲ್ ಕುಡಿಯೋ ಲಾರಿ ಓಡಿಸೋ ಹಾಗಿಲ್ವಂತೆ. ದಲ್ಲಾಳಿ ಒಬ್ಬ ಬಂದು ಒಂದು ರೇಟು ಹೇಳಿ ಹೋಗವ್ನೆ. ಈಗಲೇ ಮಾರಿಬಿಡ್ಲಾ?"

ದಲ್ಲಾಳಿ ಹೇಳಿದ್ದ ಬೆಲೆ ಕೇಳಿ ನನಗೆ ಕಸಿವಿಸಿಯಾಯಿತು. ಗಬ್ಬದ ಹಸುವನ್ನು ಗೊಡ್ಡೆಂದು ತಿಳಿದು ಸಂತೆಗೆ ಹೊಡೆದ ಹಾಗಿತ್ತು ಅದು. ನಾನು ಪಶುವೈದ್ಯ, ಮೆಕ್ಯಾನಿಕ್ ಅಲ್ಲ. ಆದರೆ ಹಾಲಿನ ಸಾಗಣೆ ಖರ್ಚು ಕೊನೆಗೆ ಉತ್ಪಾದಕನ ಹಾಲಿನ ದರದಲ್ಲೇ ಲೆಕ್ಕಕ್ಕೆ ಬರುತ್ತದೆ. ಮಾರ್ಗದ ಲಾರಿ, ಟೆಂಪೋಗಳ ಮಾಲೀಕರಲ್ಲಿ ಅನೇಕರು ನಮ್ಮ ಸದಸ್ಯರೇ ಅಥವಾ ಸದಸ್ಯರ ಮಕ್ಕಳೇ. ಆದ್ದರಿಂದ ವಿಷಯವನ್ನು ವಿಚಾರಿಸಿ ತಿಳಿದುಕೊಂಡು ಇಲ್ಲಿ ಬರೆದಿದ್ದೇನೆ.

ನಿಯಮ ಯಾರಿಗೆ?

ಇಂಧನ ಬಳಕೆಯ ಮಿತಿ ಲಾರಿ ತಯಾರಿಸುವ ಕಂಪನಿಗೆ ಅನ್ವಯಿಸುತ್ತದೆ, ಈಗಾಗಲೇ ಓಡುತ್ತಿರುವ ಲಾರಿಗೆ ಅಲ್ಲ. ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದೊಡ್ಡ ವಾಹನಗಳಿಗೆ ಇಂತಹ ಮಿತಿಯನ್ನು ಪ್ರಪಂಚದಲ್ಲಿ ಮೊದಲು ತಂದ ದೇಶ ಜಪಾನ್, 2006ರಲ್ಲಿ. ಅಮೆರಿಕ 2011ರಲ್ಲಿ ಪ್ರಕಟಿಸಿತು. ನಮ್ಮ ಕೇಂದ್ರ ಸರ್ಕಾರ 2001ರ ಇಂಧನ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2017ರ ಆಗಸ್ಟ್‌ನಲ್ಲಿ 12 ಟನ್ ಮತ್ತು ಅದಕ್ಕೂ ಹೆಚ್ಚು ಒಟ್ಟು ತೂಕದ ವಾಹನಗಳಿಗೆ ಮಿತಿ ಗೊತ್ತುಮಾಡಿತು. ಒಟ್ಟು ತೂಕವೆಂದರೆ ವಾಹನದ ಸ್ವಂತ ತೂಕ ಮತ್ತು ಹೇರು ಸೇರಿ. 3.5 ಟನ್ನಿನಿಂದ 12 ಟನ್‌ವರೆಗಿನ ವಾಹನಗಳಿಗೆ 2019ರಲ್ಲಿ ಮಿತಿ ಬಂತು. ನಮ್ಮ ಹಳ್ಳಿ ಮಾರ್ಗಗಳ ಬಹುತೇಕ ಲಾರಿಗಳು ಈ ಎರಡನೆಯ ಗುಂಪಿನವು. 2022ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಹೊಸ ವಾಹನಗಳು ಈ ಮಿತಿಗೆ ಒಳಪಟ್ಟಿರಬೇಕೆಂದು 2023ರ ಏಪ್ರಿಲ್ 1ರಿಂದ ಅನ್ವಯಿಸಲಾಯಿತು.

ಮುಂದೆ ಮಿತಿ ಇನ್ನೂ ಬಿಗಿಯಾದರೂ ಅದು ಕಾರ್ಖಾನೆಯಿಂದ ಹೊರಬರುವ ಹೊಸ ಲಾರಿಯ ಮೇಲೆ ಬೀಳುವಂಥದ್ದು. ಮೈಲೇಜ್ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿಮ್ಮ ಅಂಗಳದ ಲಾರಿಯನ್ನು ಯಾರೂ ನಿಲ್ಲಿಸುವುದಿಲ್ಲ.

ಮೂರು ನಿಯಮಗಳನ್ನು ಬೆರೆಸಬೇಡಿ

ಕೆಚ್ಚಲು ಬಾವು, ಹಾಲು ಜ್ವರ, ಕೀಟೋಸಿಸ್ ಮೂರರಲ್ಲೂ ಹಾಲು ಇಳಿಯುತ್ತದೆ, ಆದರೆ ಔಷಧಿ ಬೇರೆ ಬೇರೆ. ಹಾಗೆಯೇ ಲಾರಿ ಮಾಲೀಕರು ಮೂರು ನಿಯಮಗಳನ್ನು ಒಂದೇ ಎಂದು ಭಾವಿಸಿ ಗಾಬರಿಯಾಗುತ್ತಿದ್ದಾರೆ.

ಮೊದಲನೆಯದು ಮೇಲೆ ಹೇಳಿದ ಮೈಲೇಜ್ ನಿಯಮ. ಎರಡನೆಯದು ಹೊಗೆಯ ನಿಯಮ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಇದೇ. ಇದೂ ಹೊಸ ವಾಹನಗಳಿಗೆ ಸಂಬಂಧಿಸಿದ್ದು. ಮೂರನೆಯದು ಎಫ್.ಸಿ. ಇದು ಮಾತ್ರ ಹಳೆಯ ಲಾರಿಗೆ ನೇರವಾಗಿ ತಟ್ಟುತ್ತದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಬ್ರೇಕ್, ದೀಪ, ಹೊಗೆ ಸರಿಯಿಲ್ಲದಿದ್ದರೆ ಲಾರಿ ನಿಲ್ಲುವುದು ಇಲ್ಲಿಯೇ. ದೆಹಲಿ ಭಾಗದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಬಗ್ಗೆ 2015 ಮತ್ತು 2018ರಲ್ಲಿ ಬಂದ ಆದೇಶಗಳ ಸುದ್ದಿ ನಮ್ಮ ಹಳ್ಳಿಗಳಿಗೂ ಹರಡಿದೆ. ಅವು ಅಲ್ಲಿನ ವಾಯುಮಾಲಿನ್ಯದ ಕಾರಣ ಅಲ್ಲಿಗೆ ಬಂದ ಆದೇಶಗಳು.

ಲೀಟರಿಗೆ ಎಷ್ಟು ಕಿ.ಮೀ.? ನೂರು ಕಿ.ಮೀ.ಗೆ ಎಷ್ಟು ಲೀಟರ್?

ನಾವು ಲೀಟರಿಗೆ ಇಷ್ಟು ಕಿ.ಮೀ. ಎಂದು ಮೈಲೇಜ್ ಹೇಳುತ್ತೇವೆ. ಸರ್ಕಾರದ ಮಿತಿ ಇರುವುದು 100 ಕಿ.ಮೀ.ಗೆ ಇಷ್ಟು ಲೀಟರ್ ಎಂಬ ಲೆಕ್ಕದಲ್ಲಿ. ಮಾಲೀಕನಿಗೂ ಎರಡನೆಯ ಲೆಕ್ಕವೇ ಉಪಯುಕ್ತ. ಏಕೆಂದು ನೋಡಿ.

9 ಕಿ.ಮೀ. ಕೊಡುವ ಟೆಂಪೋ 10 ಕಿ.ಮೀ. ಕೊಡುವಂತಾದರೆ 100 ಕಿ.ಮೀ.ಗೆ 11.1 ಲೀಟರ್ ಬದಲು 10 ಲೀಟರ್ ಸಾಕು. ಉಳಿತಾಯ 1.1 ಲೀಟರ್. 5 ಕಿ.ಮೀ. ಕೊಡುವ ಲಾರಿ 6 ಕಿ.ಮೀ. ಕೊಡುವಂತಾದರೆ 20 ಲೀಟರ್ ಬದಲು 16.7 ಲೀಟರ್ ಸಾಕು. ಉಳಿತಾಯ 3.3 ಲೀಟರ್. ಎರಡರಲ್ಲೂ ಏರಿದ್ದು ಒಂದೇ ಕಿಲೋಮೀಟರ್, ಉಳಿತಾಯ ಮಾತ್ರ ಮೂರು ಪಟ್ಟು. ಆದ್ದರಿಂದ ಹೆಚ್ಚು ಡೀಸೆಲ್ ಕುಡಿಯುವ ಲಾರಿಯಲ್ಲಿ ಸಣ್ಣ ಸುಧಾರಣೆಯೂ ದೊಡ್ಡ ಲಾಭ ತರುತ್ತದೆ.

ಪರೀಕ್ಷೆಯ ಹಾದಿ ಬೇರೆ, ಹಾಲಿನ ಹಾದಿ ಬೇರೆ

12 ಟನ್ನಿಗೆ ಮೇಲ್ಪಟ್ಟ ಲಾರಿಯ ಪರೀಕ್ಷೆಯನ್ನು ಪೂರ್ತಿ ಹೇರು ತುಂಬಿ, ಪರೀಕ್ಷಾ ಪಥದಲ್ಲಿ, ಗಂಟೆಗೆ 40 ಕಿ.ಮೀ. ಮತ್ತು 60 ಕಿ.ಮೀ. ಸಮವೇಗದಲ್ಲಿ ಓಡಿಸಿ ಮಾಡುತ್ತಾರೆ. ನಮ್ಮ ಮಾರ್ಗದ ಲಾರಿಗೆ ಸಮವೇಗ ಎಲ್ಲಿಯದು? ಎರಡು ಮೂರು ಕಿ.ಮೀ.ಗೊಂದು ಸಂಘ, ನಡುವೆ ಗುಂಡಿ, ರಸ್ತೆ ಉಬ್ಬು, ದನದ ಮಂದೆ. ಹೊರಡುವಾಗ ಖಾಲಿ ಕ್ಯಾನು, ಬರುವಾಗ ತುಂಬಿದ ಕ್ಯಾನು.

ಹೀಗಾಗಿ ಕಂಪನಿಯ ಕಾಗದದಲ್ಲಿರುವ ಮೈಲೇಜ್ ನಿಮ್ಮ ಮಾರ್ಗದಲ್ಲಿ ಸಿಗುತ್ತದೆಂದು ನಂಬಿ ಸಾಲ ಮಾಡಬೇಡಿ. ಗಾಳಿಯ ತಡೆ ಕಡಿಮೆ ಮಾಡಲು ತಲೆಯ ಮೇಲೆ ಕೂರಿಸುವ ಫಲಕದಂಥವು ಹೆದ್ದಾರಿಯಲ್ಲಿ ದೂರ ಓಡುವ ಟ್ಯಾಂಕರಿಗೆ ಪ್ರಯೋಜನಕಾರಿ. 30 ಕಿ.ಮೀ. ವೇಗದಲ್ಲಿ ಹಳ್ಳಿ ಸುತ್ತುವ ಲಾರಿಗೆ ಅದರಿಂದ ಸಿಗುವುದು ಅತ್ಯಲ್ಪ. ಸುಲಭವಾಗಿ ಉರುಳುವ ಟೈರು ಮತ್ತು ಹಗುರವಾದ ಬಾಡಿಯಿಂದ ಇಬ್ಬರಿಗೂ ಲಾಭವಿದೆ.

ಬಿ.ಎಸ್.-6 ಲಾರಿ ಕೊಳ್ಳುವವರಿಗೆ ಎರಡು ಎಚ್ಚರಿಕೆ. ಹೊಗೆಯ ಮಸಿ ಹಿಡಿಯುವ ಫಿಲ್ಟರು ತಾನಾಗಿ ಶುದ್ಧಿಯಾಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಓಡಬೇಕು. ನಿಂತು ನಿಂತು ಹೋಗುವ ಮಾರ್ಗದಲ್ಲಿ ಅದು ಬೇಗ ಕಟ್ಟಿಕೊಳ್ಳಬಹುದು. ಎಚ್ಚರಿಕೆಯ ದೀಪ ಬಂದರೆ ಅಸಡ್ಡೆ ಮಾಡಬಾರದು. ಇನ್ನು, ಹಲವು ಬಿ.ಎಸ್.-6 ಲಾರಿಗಳಿಗೆ ಡಿ.ಇ.ಎಫ್. ಎಂಬ ದ್ರಾವಣ ಹಾಕಬೇಕು. ಅದರಲ್ಲಿ ಶೇ. 32.5 ಶುದ್ಧೀಕರಿಸಿದ ಯೂರಿಯಾ ಇರುತ್ತದೆ. 100 ಕೆ.ಜಿ. ಒಣ ಹುಲ್ಲಿಗೆ 4 ಕೆ.ಜಿ. ಯೂರಿಯಾ ಹಾಕಿ ಉಪಚರಿಸುವುದನ್ನು ನಾನೇ ನಿಮಗೆ ಹೇಳಿಕೊಟ್ಟಿದ್ದೇನೆ. ಆ ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಲಾರಿಗೆ ಮಾತ್ರ ಹಾಕಬೇಡಿ. ದುಬಾರಿ ಭಾಗಗಳು ಹಾಳಾಗುತ್ತವೆ.

ಹೊಸ ಲಾರಿಯ ಲೆಕ್ಕ

ನಿಯಮ ಬಿಗಿಯಾದಷ್ಟೂ ಹೊಸ ಲಾರಿಯ ಬೆಲೆ ಏರುವ ಸಂಭವವಿದೆ, ಡೀಸೆಲ್ ಖರ್ಚು ಇಳಿಯುತ್ತದೆ. ಯಾವುದು ಹೆಚ್ಚು ಎಂಬುದು ನೀವು ಓಡಿಸುವ ದೂರದ ಮೇಲೆ ನಿಂತಿದೆ. ಒಂದು ಮಾದರಿ ಲೆಕ್ಕ ನೋಡಿ. ಅಂಕಿಗಳು ನಾನು ಇಟ್ಟುಕೊಂಡವು, ನಿಮ್ಮ ಅಂಕಿ ಹಾಕಿಕೊಳ್ಳಿ.

ಹಾಲಿಗೆ ರಜೆಯಿಲ್ಲ. ದಿನಕ್ಕೆ 120 ಕಿ.ಮೀ.ಯಂತೆ 365 ದಿನಕ್ಕೆ 43,800 ಕಿ.ಮೀ. ಆಯಿತು. ಲೀಟರಿಗೆ 6 ಕಿ.ಮೀ. ಕೊಡುವ ಲಾರಿಗೆ 7,300 ಲೀಟರ್ ಬೇಕು. 7 ಕಿ.ಮೀ. ಕೊಡುವುದಕ್ಕೆ 6,257 ಲೀಟರ್. ಉಳಿತಾಯ 1,043 ಲೀಟರ್. ಲೀಟರಿಗೆ 90 ರೂ. ಹಿಡಿದರೆ ವರ್ಷಕ್ಕೆ ಸುಮಾರು 94,000 ರೂ.

ಹೇಗಿದ್ದರೂ ಹೊಸ ಲಾರಿ ಕೊಳ್ಳಲೇಬೇಕು ಎನ್ನುವವರು ಎರಡು ಮಾದರಿಗಳನ್ನು ಹೋಲಿಸುತ್ತಿದ್ದಾರೆ ಎನ್ನೋಣ. ಹೆಚ್ಚು ಮೈಲೇಜಿನದಕ್ಕೆ 1,50,000 ರೂ. ಜಾಸ್ತಿ ಬೆಲೆ. ಮೇಲಿನ ಮಾಲೀಕರಿಗೆ ಈ ಹಣ ಸುಮಾರು 19 ತಿಂಗಳಲ್ಲಿ ಮರಳುತ್ತದೆ. ದಿನಕ್ಕೆ 60 ಕಿ.ಮೀ. ಮಾತ್ರ ಓಡಿಸುವವರಿಗೆ 38 ತಿಂಗಳು ಬೇಕು.

ಚೆನ್ನಾಗಿ ಓಡುತ್ತಿರುವ, ಸಾಲ ತೀರಿದ ಹಳೆಯ ಲಾರಿ ಇರುವವರ ಲೆಕ್ಕವೇ ಬೇರೆ. ಹೊಸದಕ್ಕೆ ತಿಂಗಳಿಗೆ 26,000 ರೂ. ಕಂತಾದರೆ ವರ್ಷಕ್ಕೆ 3,12,000 ರೂ. ಡೀಸೆಲ್ ಉಳಿತಾಯ 94,000 ರೂ. ಮೈಲೇಜಿನ ಆಸೆಯೊಂದರಿಂದಲೇ ಲಾರಿ ಬದಲಿಸಿದರೆ ಕಂತು ಕಟ್ಟಲಾಗದು. ಆದರೆ ರಿಪೇರಿ ಖರ್ಚು ಏರುತ್ತಿದ್ದರೆ, ಲಾರಿ ಹಾದಿಯಲ್ಲಿ ನಿಲ್ಲುತ್ತಿದ್ದರೆ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಲಾರಿ ಎರಡು ಗಂಟೆ ಕೆಟ್ಟು ನಿಂತರೆ ಒಡೆಯುವುದು ಹತ್ತಾರು ಮನೆಗಳ ಹಾಲು.

ಖಾಲಿ ಕ್ಯಾನಿನ ನಷ್ಟ

ಹಸು ತಿಂದ ಮೇವಿನಲ್ಲಿ ಒಂದು ಭಾಗ ಅದರ ಶರೀರ ಪೋಷಣೆಗೇ ಹೋಗುತ್ತದೆ, ಉಳಿದದ್ದು ಹಾಲಾಗುತ್ತದೆ. ಎರಡು ಲೀಟರ್ ಕೊಡುವ ಹಸುವಿಗೂ ಹತ್ತು ಲೀಟರ್ ಕೊಡುವ ಹಸುವಿಗೂ ಶರೀರ ಪೋಷಣೆ ತಪ್ಪಿದ್ದಲ್ಲ. ಲಾರಿಯೂ ಹಾಗೆಯೇ. ಕ್ಯಾನು ತುಂಬಿರಲಿ, ಖಾಲಿಯಿರಲಿ, ತನ್ನ ಮೈಯನ್ನು ತಾನು ಹೊರಲು ಡೀಸೆಲ್ ಬೇಕು.

ದಿನಕ್ಕೆ 20 ಲೀಟರ್ ಡೀಸೆಲ್ ಸುಟ್ಟು 2,000 ಲೀಟರ್ ಹಾಲು ತಂದರೆ 1,000 ಲೀಟರ್ ಹಾಲಿಗೆ 10 ಲೀಟರ್ ಡೀಸೆಲ್ ಆಯಿತು. ಬೇಸಿಗೆಯಲ್ಲಿ ಹಾಲು 1,200 ಲೀಟರಿಗೆ ಇಳಿದರೆ, ಡೀಸೆಲ್ ಹೆಚ್ಚುಕಡಿಮೆ ಅಷ್ಟೇ ಸುಡುವುದರಿಂದ, 1,000 ಲೀಟರಿಗೆ 16 ಲೀಟರಿಗಿಂತ ಹೆಚ್ಚಾಗುತ್ತದೆ. ಈ ನಷ್ಟವನ್ನು ಯಾವ ಮೈಲೇಜ್ ನಿಯಮವೂ ತುಂಬಿಕೊಡಲಾರದು. ತುಂಬಿಕೊಡುವುದು ಬೇಸಿಗೆಯ ಹಸಿರು ಮೇವು, ಸಕಾಲದ ಗರ್ಭಧಾರಣೆ ಮತ್ತು ಹತ್ತಿರದ ಮಾರ್ಗಗಳನ್ನು ಕೂಡಿಸುವ ಯೋಜನೆ.

ಇಂದೇ ಮಾಡಬಹುದಾದವು

1. ಡೀಸೆಲ್ ಪುಸ್ತಕ ಇಡಿ. ಟ್ಯಾಂಕು ಪೂರ್ತಿ ತುಂಬಿಸಿ ಕಿ.ಮೀ. ಬರೆದುಕೊಳ್ಳಿ. ಮುಂದಿನ ಸಲ ಪೂರ್ತಿ ತುಂಬಿಸಿದಾಗ ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ. ಮೂರು ತಿಂಗಳ ಸರಾಸರಿ ನೋಡಿ.

2. ಟೈರಿನ ಗಾಳಿಯನ್ನು ಲಾರಿ ಹೊರಡುವ ಮೊದಲೇ, ಟೈರು ತಣ್ಣಗಿದ್ದಾಗ ಪರೀಕ್ಷಿಸಿ. ಜೋಡಿ ಚಕ್ರದ ಒಳಗಿನ ಟೈರನ್ನು ಮರೆಯಬೇಡಿ.

3. ಮಾರ್ಗ ಮುಗಿದ ಮೇಲೆ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಹೆಚ್ಚು ಕಾಯ್ದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು.

4. ಕಪ್ಪು ಹೊಗೆ ಎಂದರೆ ಸರಿಯಾಗಿ ಉರಿಯದ ಡೀಸೆಲ್, ಅಂದರೆ ನಿಮ್ಮ ಹಣ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಸಕಾಲಕ್ಕೆ ಬದಲಿಸಿ.

5. ಕ್ಯಾನು ಏರಿಸುವಾಗ ಎಂಜಿನ್ ನಿಲ್ಲಿಸಿ. 15 ಸಂಘಗಳಲ್ಲಿ ತಲಾ 4 ನಿಮಿಷವೆಂದರೆ ಹೊತ್ತಿಗೆ ಒಂದು ಗಂಟೆ, ಎರಡು ಹೊತ್ತಿಗೆ ಎರಡು ಗಂಟೆ. ನಿಂತ ಎಂಜಿನ್ ಗಂಟೆಗೆ ಒಂದು ಲೀಟರ್ ಸುಟ್ಟರೂ ವರ್ಷಕ್ಕೆ 730 ಲೀಟರ್ ಡೀಸೆಲ್.

6. ಸಂಘದ ಕಾರ್ಯದರ್ಶಿಗಳು ಲಾರಿ ಬರುವ ವೇಳೆಗೆ ಕ್ಯಾನುಗಳನ್ನು ಸಿದ್ಧವಾಗಿಡಿ. ಲಾರಿ ಕಾಯುವಷ್ಟು ಹೊತ್ತೂ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತಲೇ ಇರುತ್ತವೆ.

7. ಡೀಸೆಲ್ ಉಳಿಸುವ ನೆಪದಲ್ಲಿ ವೇಳೆ ತಪ್ಪಿಸಬೇಡಿ. ಹಾಲು ಬೇಗ ಶೀತಲ ಕೇಂದ್ರ ಸೇರುವುದು ಮೊದಲ ಕರ್ತವ್ಯ.

ಕೊನೆಯ ಮಾತು

ಶಿಬಿರದಲ್ಲಿ ಸಿಕ್ಕ ಆ ಮಾಲೀಕರಿಗೆ ನಾನು ಹೇಳಿದ್ದು ಇಷ್ಟೇ: "ಮೂರು ತಿಂಗಳು ಪುಸ್ತಕ ಬರೀರಿ, ಆಮೇಲೆ ಮಾರೋ ಮಾತು." ಬರೆದರು. ಮೊದಲ ತಿಂಗಳು ಲೀಟರಿಗೆ 5.1 ಕಿ.ಮೀ. ಬಂತು. ಹಿಂದಿನ ಒಂದು ಚಕ್ರದಲ್ಲಿ ಬ್ರೇಕ್ ಹಿಡಿದುಕೊಂಡಿದ್ದು ತಿಳಿಯಿತು. ಅದನ್ನು ಬಿಡಿಸಿ, ಗಾಳಿ ಸರಿಮಾಡಿ, ಸಂಘಗಳ ಮುಂದೆ ಎಂಜಿನ್ ನಿಲ್ಲಿಸುವ ಅಭ್ಯಾಸ ಮಾಡಿದ ಮೇಲೆ ಮೂರನೆಯ ತಿಂಗಳು 5.7 ಬಂತು. ದಿನಕ್ಕೆ 110 ಕಿ.ಮೀ. ಓಡುವ ಲಾರಿಗೆ ಅದು ವರ್ಷಕ್ಕೆ 800 ಲೀಟರಿಗೂ ಮೇಲ್ಪಟ್ಟ ಉಳಿತಾಯ. ಲಾರಿ ಈಗಲೂ ಅವರಲ್ಲೇ ಇದೆ. ಎಂದೆಂದಿಗೂ ಇಟ್ಟುಕೊಳ್ಳುತ್ತಾರೆಂದಲ್ಲ. ಮುಂದಿನ ಎಫ್.ಸಿ.ಗೆ ಆಗುವ ಖರ್ಚು ನೋಡಿ ತೀರ್ಮಾನಿಸುತ್ತಾರಂತೆ. ಅದು ಸರಿಯಾದ ಕ್ರಮ.

ಹಸು ಮಾರುವ ಮೊದಲು ಗರ್ಭ ಪರೀಕ್ಷೆ ಮಾಡಿಸಿ ಎನ್ನುತ್ತೇವೆ. ಲಾರಿ ಮಾರುವ ಮೊದಲು ಡೀಸೆಲ್ ಪುಸ್ತಕ ನೋಡಿ. ಸುದ್ದಿ ಕೇಳಿ ಮಾರಬೇಡಿ, ಲೆಕ್ಕ ನೋಡಿ ಮಾರಿ.