ಮಗಳ ಹಲ್ಲು ಹುಳುಕಾಯಿತು, ನಾನು ಕೆಟ್ಟ ತಾಯಿಯೇ?

ಪ್ರಶ್ನೆ: ನನ್ನ ಮಗಳಿಗೆ ಮೂರು ವರ್ಷ. ಮೇಲಿನ ಮುಂದಿನ ನಾಲ್ಕು ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ, ಈಗ ಅಂಚು ಕರಗುತ್ತಿವೆ. ನಾನು ಕೆಲಸಕ್ಕೆ ಹೋಗುತ್ತೇನೆ, ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿದ್ದರೆ ಮಾತ್ರ ಅವಳಿಗೆ ನಿದ್ದೆ. ಡಾಕ್ಟರ ಹತ್ತಿರ ಹೋದಾಗ ‘ಇಷ್ಟು ದಿನ ಏನು ಮಾಡ್ತಿದ್ರಿ?’ ಎಂದು ಎಲ್ಲರೆದುರು ಗದರಿದರು. ಬಾಟಲಿ ಅಭ್ಯಾಸ ಮಾಡಿಸಿದ್ದೇ ಅತ್ತೆ ಎಂಬ ಸಿಟ್ಟಿಗೆ ಅವರ ಜತೆ ಮಾತು ಕಡಿಮೆ ಮಾಡಿದ್ದೇನೆ. ಯಜಮಾನರು ‘ಹಾಲುಹಲ್ಲು ತಾನೇ, ಹೇಗೂ ಬೀಳುತ್ತೆ’ ಎನ್ನುತ್ತಾರೆ. ಕೈಕಾಲು ಹಿಡಿದು ಬ್ರಷ್ ಮಾಡಿಸುತ್ತೇನೆ. ಅವಳು ಕಿರುಚುತ್ತಾಳೆ, ಆಮೇಲೆ ನಾನೂ ಅಳುತ್ತೇನೆ. ನಾನು ಕೆಟ್ಟ ತಾಯಿಯೇ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಅಲ್ಲ. ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಆ ಪ್ರಶ್ನೆ ಎದೆಯ ಮೇಲೆ ಕೂತಿರುವಾಗ ಬೇರೆ ಯಾವ ಸಲಹೆಯೂ ಒಳಗೆ ಇಳಿಯುವುದಿಲ್ಲ. ದಿನವಿಡೀ ದುಡಿದು ಬಂದು, ಮಗುವಿನ ಬಾಯಿ ನೋಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋದವರು ನೀವು. ನಾಲ್ಕು ಜನರ ಮುಂದೆ ಬೈಸಿಕೊಂಡ ನೋವು ಸಣ್ಣದಲ್ಲ. ಆ ವೈದ್ಯರು ದಿನವೂ ಹಲ್ಲುನೋವಿಗೆ ಅಳುವ ಮಕ್ಕಳನ್ನು ನೋಡುವವರು, ಕಾಳಜಿಯೇ ಗದರಿಕೆಯಾಗಿ ಬಂದಿರಬಹುದು. ಆದರೆ ಗದರಿಸಿದರೆ ಹಲ್ಲು ಉಳಿಯುವುದಿಲ್ಲ. ತಾಯಿ ಮತ್ತೆ ಆ ಬಾಗಿಲು ತುಳಿಯಲು ಹಿಂಜರಿಯುತ್ತಾಳೆ, ಅಷ್ಟೆ. ನೀವು ಹಾಗೆ ಹಿಂಜರಿಯಬೇಡಿ.

ಈಗ ಆಗಿದ್ದೇನು ಎಂದು ನೋಡೋಣ. ನಿದ್ದೆಯಲ್ಲಿ ಬಾಯಲ್ಲಿ ಎಂಜಲು ಊರುವುದು ತೀರಾ ಕಡಿಮೆ. ಎಚ್ಚರವಿರುವಾಗ ಹಲ್ಲುಗಳನ್ನು ತೊಳೆಯುತ್ತಿರುವುದು ಅದೇ ಎಂಜಲು. ಬಾಟಲಿ ಬಾಯಲ್ಲಿಟ್ಟು ಮಲಗಿದಾಗ ಸಿಹಿ ಹಾಲು ಮೇಲಿನ ಮುಂಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ, ಬಾಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸಿ ಹಲ್ಲಿನ ಹೊರಪದರವನ್ನು ಕರಗಿಸುತ್ತವೆ. ಕೆಳಗಿನ ಮುಂಹಲ್ಲುಗಳಿಗೆ ನಾಲಿಗೆಯ ಮರೆ ಇರುತ್ತದೆ. ಹಾಗಾಗಿಯೇ ಹೆಚ್ಚಿನ ಮಕ್ಕಳಲ್ಲಿ ಹುಳುಕು ಮೇಲಿನ ನಾಲ್ಕರಿಂದ ಶುರುವಾಗುತ್ತದೆ. ಹಾಲುಹಲ್ಲಿನ ಹೊರಪದರ ತೆಳು, ಕೆಡುವುದೂ ಬೇಗ. ಇದು ಯಾರದೋ ಕೆಟ್ಟತನದಿಂದ ಆಗಿದ್ದಲ್ಲ. ಮೊಮ್ಮಗಳು ಅಳದೆ ಮಲಗಲಿ ಎಂದು ಅತ್ತೆ ಪ್ರೀತಿಯಿಂದ ಮಾಡಿದ್ದು, ಪರಿಣಾಮ ಅವರಿಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ಲ.

ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬಿದ್ದುಹೋಗುತ್ತವೆ, ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕಾದವು. ಹುಳುಕು ಅಲ್ಲಿಗೆ ಹಬ್ಬಿದರೆ ಮಗು ಅಗಿಯಲಾರದು, ಊಟ ಬೇಡವೆನ್ನುತ್ತದೆ, ರಾತ್ರಿ ನೋವಿನಿಂದ ಏಳುತ್ತದೆ. ಅವು ಅವಧಿಗೆ ಮೊದಲೇ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಮುಂದೆ ಹುಟ್ಟುವ ಹಲ್ಲು ಸೊಟ್ಟಗೆ ಬರುತ್ತದೆ. ಇದನ್ನು ಜಗಳದ ನಡುವೆ ಹೇಳಬೇಡಿ. ಮಗಳು ಮಲಗಿದ ಮೇಲೆ ನಿಧಾನವಾಗಿ ಹೇಳಿ.

ಮೊದಲು ಸರಿಹೋಗಬೇಕಾದದ್ದು ಅತ್ತೆಯ ಜತೆಗಿನ ಮಾತು. ಹಗಲೆಲ್ಲ ಮಗುವಿನ ಜತೆ ಇರುವವರು ಅವರು, ಅವರನ್ನು ಬಿಟ್ಟು ಈ ಕೆಲಸ ಆಗದು. ‘ಅತ್ತೆ, ಬಾಟಲಿಯಿಂದ ಹೀಗಾಗುತ್ತೆ ಅಂತ ನನಗೂ ಗೊತ್ತಿರಲಿಲ್ಲ. ಬಿಡಿಸೋಕೆ ನಿಮ್ಮ ಸಹಾಯ ಬೇಕು’ ಎಂದು ಕೇಳಿ ನೋಡಿ. ‘ನಿಮ್ಮಿಂದ ಹೀಗಾಯಿತು’ ಎಂದಾಗ ಮುಚ್ಚುವ ಬಾಗಿಲು ಸಹಾಯ ಕೇಳಿದಾಗ ತೆರೆಯುತ್ತದೆ. ಬಾಟಲಿಯನ್ನು ಒಂದೇ ರಾತ್ರಿಯಲ್ಲಿ ಕಿತ್ತುಕೊಳ್ಳಬೇಡಿ. ಮೊದಲು ಸಕ್ಕರೆಯನ್ನು ದಿನದಿನಕ್ಕೆ ಕಡಿಮೆ ಮಾಡಿ, ಆಮೇಲೆ ರಾತ್ರಿಯ ಬಾಟಲಿಗೆ ಸ್ವಲ್ಪಸ್ವಲ್ಪವೇ ನೀರು ಸೇರಿಸುತ್ತಾ ಬನ್ನಿ. ಎರಡು ವಾರದಲ್ಲಿ ಅದು ಬರೀ ನೀರಾಗಲಿ. ಹೊಟ್ಟೆಗೆ ಬೇಕಾದ ಹಾಲನ್ನು ರಾತ್ರಿ ಊಟದ ಜತೆಗೇ ಲೋಟದಲ್ಲಿ ಕೊಡಿ. ಬಾಟಲಿ ಇಷ್ಟು ದಿನ ಅವಳಿಗೆ ಧೈರ್ಯವೂ ಆಗಿತ್ತು, ಆ ಜಾಗಕ್ಕೆ ಬೇರೇನಾದರೂ ಬೇಕಲ್ಲ. ಬೆನ್ನು ತಟ್ಟುತ್ತಾ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುವುದು ಅಜ್ಜಿಯ ಪಾಲಿಗೆ ಬರಲಿ. ಕೆಲವು ರಾತ್ರಿ ಅಳು ಇದ್ದೇ ಇರುತ್ತದೆ. ಆಗ ಮನೆಯಲ್ಲಿ ಒಬ್ಬರು ಸೋತು ಬಾಟಲಿ ಕೊಟ್ಟರೆ ಇನ್ನೊಬ್ಬರು ಬಯ್ಯಬಾರದು.

ಬೆಲ್ಲ, ಜೇನುತುಪ್ಪ ಹಾಕಿದರೆ ಪರವಾಗಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಹಲ್ಲಿನ ಮಟ್ಟಿಗೆ ಅವೂ ಸಕ್ಕರೆಯೇ. ಹಬ್ಬದೂಟದಲ್ಲಿ ಒಂದು ಹೋಳಿಗೆ ತಿಂದರೆ ಗಾಬರಿ ಬೇಡ. ಗಂಟೆಗೊಮ್ಮೆ ಕೈಗಿಡುವ ಬಿಸ್ಕತ್ತು ಅದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಎಷ್ಟು ತಿಂದಳು ಎನ್ನುವುದಕ್ಕಿಂತ ಎಷ್ಟು ಸಲ ತಿಂದಳು ಎನ್ನುವುದೇ ಮುಖ್ಯ.

ಇನ್ನು ಬ್ರಷ್. ಕೈಕಾಲು ಅದುಮಿ ಹಿಡಿಯುವುದನ್ನು ಇವತ್ತೇ ನಿಲ್ಲಿಸಿ. ಅದು ಸಿಟ್ಟಲ್ಲ, ಭಯ ಎಂದು ನನಗೆ ಗೊತ್ತು. ಆದರೆ ಮಗು ಕಲಿಯುವುದು ಬಾಯಿ ತೆರೆದರೆ ನೋವಾಗುತ್ತದೆ ಎಂಬುದನ್ನು ಮಾತ್ರ. ನೆಲದ ಮೇಲೆ ಕೂತು ಅವಳ ತಲೆಯನ್ನು ನಿಮ್ಮ ತೊಡೆಯ ಮೇಲಿಟ್ಟುಕೊಳ್ಳಿ. ಅವಳಿಗೆ ನಿಮ್ಮ ಮುಖ ಕಾಣುತ್ತದೆ, ನಿಮಗೆ ಅವಳ ಹಲ್ಲು ಕಾಣುತ್ತದೆ. ಮೊದಲು ಅವಳೇ ಗೊಂಬೆಗೆ ಹಲ್ಲುಜ್ಜಲಿ, ನಂತರ ನೀವು ಅವಳಿಗೆ. ಆರಂಭದಲ್ಲಿ ಹತ್ತು ಎಣಿಸುವಷ್ಟು ಹೊತ್ತಾದರೂ ಸಾಕು. ಬೆಳಿಗ್ಗೆಯದು ಅಪರೂಪಕ್ಕೆ ತಪ್ಪಿದರೂ ರಾತ್ರಿ ಮಲಗುವ ಮುಂಚಿನದು ತಪ್ಪದಿರಲಿ, ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಫ್ಲೋರೈಡ್ ಇರುವ ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರು ತುಂಬಿದ ಮೇಲೆ ಬಟಾಣಿ ಕಾಳಿನಷ್ಟು. ಅದಕ್ಕಿಂತ ಹೆಚ್ಚು ಬೇಡ, ಉಗುಳುವುದನ್ನೂ ಕಲಿಸಿ. ನಿಮ್ಮ ಜಿಲ್ಲೆಯ ಪಾವಗಡದಂಥ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುತ್ತದೆ. ಹಾಗಾಗಿ ಮನೆಯಲ್ಲಿ ಕುಡಿಯುವುದು ಯಾವ ನೀರು ಎಂದು ವೈದ್ಯರಿಗೆ ತಪ್ಪದೆ ತಿಳಿಸಿ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು, ಆ ಪುಟ್ಟ ಕೈಗೆ ಅಷ್ಟು ಹಿಡಿತ ಇರುವುದಿಲ್ಲ.

ಪುಟ್ಟ ಮಕ್ಕಳಿರುವ ಇತರರಿಗೂ ಒಂದು ಮಾತು: ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿ ಎತ್ತಿ ನೋಡಿ. ಒಸಡಿನ ಪಕ್ಕ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕಿನ ಮೊದಲ ಹಂತ, ಆಗಲೇ ಎಚ್ಚೆತ್ತರೆ ಅಲ್ಲಿಗೇ ತಡೆಯಬಹುದು. ಕಬ್ಬಿಣಾಂಶದ ಸಿರಪ್ ಕುಡಿಯುವ ಮಕ್ಕಳ ಹಲ್ಲಿನ ಮೇಲೂ ಕಪ್ಪು ಕಲೆ ಕೂರುತ್ತದೆ. ಅದು ಹುಳುಕಲ್ಲ, ಸಿರಪ್ ನಿಲ್ಲಿಸಬೇಡಿ.

ನಿಮ್ಮ ಮಗಳಿಗೆ ಚಿಕಿತ್ಸೆ ಬೇಕೇ ಬೇಕು. ಮಕ್ಕಳ ಹಲ್ಲಿಗೆಂದೇ ಓದಿದ ತಜ್ಞರು, ಅಂದರೆ ಪೀಡೋಡಾಂಟಿಸ್ಟ್, ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇರುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಹಲ್ಲು ನೋಡಿ, ಬೇಕಿದ್ದರೆ ಮುಂದಕ್ಕೆ ಕಳಿಸಿಕೊಡುತ್ತದೆ. ಎಲ್ಲ ಹುಳುಕಿಗೂ ಕೊರೆಯಲೇಬೇಕೆಂದಿಲ್ಲ. ಎಸ್‌ಡಿಎಫ್ ಎಂಬ ಬೆಳ್ಳಿಯಂಶದ ದ್ರಾವಣ ಹಚ್ಚಿ ಕೆಲವೊಮ್ಮೆ ಹುಳುಕನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಹುಳುಕಿನ ಭಾಗ ಕಪ್ಪಾಗೇ ಉಳಿಯುತ್ತದೆ, ಆದರೆ ಮಗುವಿಗೆ ನೋವಿಲ್ಲ. ಅವಳಿಗೆ ಯಾವುದು ಸರಿ ಎಂದು ಬಾಯಿ ನೋಡಿದವರೇ ಹೇಳಬೇಕು. ಕೆನ್ನೆ ಊದಿದರೆ, ಒಸಡಿನಲ್ಲಿ ಕೀವಿನ ಗುಳ್ಳೆ ಕಂಡರೆ, ನೋವಿನ ಜತೆ ಜ್ವರ ಬಂದರೆ ಅದೇ ದಿನ ತೋರಿಸಿ. ಲವಂಗದೆಣ್ಣೆ ಹಚ್ಚಬೇಡಿ. ಅದು ಎಳೆಯ ಒಸಡನ್ನು ಸುಡುತ್ತದೆ, ಹೊಟ್ಟೆಗೆ ಹೋದರೆ ಅಪಾಯ.

ಇಷ್ಟೆಲ್ಲ ಮಾಡಿದ ಮೇಲೂ ಅಪರಾಧಿ ಭಾವ ಬಿಡದೆ ಕಾಡಿ, ನಿದ್ದೆ, ಊಟ ಕೆಟ್ಟರೆ ಅದಕ್ಕೂ ಆರೈಕೆ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಈ ವಾರವೇ ಬೇರೆ ದಂತ ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿ. ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ, ರಜೆ ಸಿಕ್ಕಿದರೆ ಯಜಮಾನರೂ ಬರಲಿ. ವೈದ್ಯರು ಹೇಳುವುದನ್ನು ಮೂವರೂ ಒಟ್ಟಿಗೆ ಕೇಳಿಸಿಕೊಳ್ಳಿ.